ಕುದುರೆ ಸಾಕುವವರೂ ನೆರೆಯವರ ಹಗೆತನವೂ

ಎತ್ತು, ಎಮ್ಮೆ, ಹಸುಗಳನ್ನು ಸಾಕುವ ಕ್ರಮವನ್ನು ನಮ್ಮ ರೈತರು ವಂಶಪಾರಂಪರ್ಯವಾಗಿ ಬಲ್ಲರು. ಹತ್ತು ಮನೆಯವರ ಕೊಟ್ಟಿಗೆಗಳಲ್ಲಿ ದನಗಳಿರುವ ಊರಿನಲ್ಲಿ ಒಬ್ಬನ ಕಷ್ಟವು ಮತ್ತೊಬ್ಬನಿಗೆ ತಾನಾಗಿಯೇ ತಿಳಿಯುತ್ತದೆ. ಕುದುರೆಯ ಸಂಗತಿಯು ಹಾಗಲ್ಲ. ಮೈಸೂರಿನಲ್ಲಿ ಟಾಂಗಾ ಹೊಡೆದು ಜೀವಿಸುವವರು, ಉತ್ತರದ ಜಿಲ್ಲೆಗಳಲ್ಲಿ ಗಂಟುಮೂಟೆಗಳನ್ನು ಕುದುರೆಯ ಮೇಲೆ ಹೇರಿಕೊಂಡು ಕುರಿಮಂದೆಯೊಡನೆ ಸಂಚರಿಸುವ ಕುರುಬರು, ಸವಾರಿಯನ್ನು ಕಲಿಸುವವರು, ಮದುವೆಯ ಮೆರವಣಿಗೆಗೆ ಕುದುರೆಯನ್ನು ಒದಗಿಸುವವರು, ಇಂಥ ಕೆಲವರ ಬಳಿ ಮಾತ್ರ ಈಗ ಕುದುರೆಗಳುಂಟು. ಊರಿಗೆ ಒಂದೋ ಎರಡೋ ಇರುವ ಪ್ರಾಣಿಯಾದ್ದರಿಂದ ಅದರ ಸ್ವಭಾವವು ನೆರೆಯವರಿಗೆ ತಿಳಿಯದು. ಅದರ ಕೆನೆತ, ಲದ್ದಿ, ನೊಣ ಇವುಗಳಿಂದ ಬೇಸರ ಹುಟ್ಟುವುದು ಸುಲಭ. ಬೇಸರವು ಹಗೆಯಾಗಿ ಬೆಳೆಯುವುದೂ ಸುಲಭ.

ಒಂದು ನಿದರ್ಶನವನ್ನು ಭಾವಿಸಿಕೊಳ್ಳೋಣ. ಒಬ್ಬ ಗೃಹಸ್ಥನಿಗೆ ಒಂದೇ ಕುದುರೆ. ಅದರ ದುಡಿಮೆಯಿಂದಲೇ ಸಂಸಾರ ನಡೆಯಬೇಕು. ಬದುವಿನ ವಿಷಯದಲ್ಲಿ ಪಕ್ಕದ ಹೊಲದವನಿಗೂ ಅವನಿಗೂ ಜಗಳವಾಗುತ್ತದೆ. "ನಿನ್ನ ಕುದುರೆಯನ್ನು ನೋಡಿಕೊಳ್ಳುತ್ತೇನೆ" ಎಂದು ನೆರೆಯವನು ಕೂಗಾಡುತ್ತಾನೆ. ಎರಡು ದಿನಗಳ ತರುವಾಯ ಬೆಳಗಿನ ಜಾವದಲ್ಲಿ ಕುದುರೆಯು ಬೆವರಿ, ನೆಲದ ಮೇಲೆ ಹೊರಳಾಡಿ, ಮಧ್ಯಾಹ್ನದ ಹೊತ್ತಿಗೆ ಪ್ರಾಣ ಬಿಡುತ್ತದೆ. ಊರೆಲ್ಲವೂ "ವಿಷ ಹಾಕಿದ್ದಾರೆ" ಎನ್ನುತ್ತದೆ. ಈ ಸ್ಥಿತಿಯಲ್ಲಿ ಆ ಗೃಹಸ್ಥನು ಏನು ಮಾಡಬೇಕು? ಅದಕ್ಕಿಂತ ಮುಖ್ಯವಾಗಿ, ಜಗಳವಾದ ದಿನವೇ ಅವನು ಏನು ಮಾಡಿರಬೇಕಾಗಿತ್ತು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹೇಳುವುದೇ ಈ ಪಾಠದ ಉದ್ದೇಶ.

೧. ಹಗೆತನದ ಮೂಲ

ಕಾರಣವಿಲ್ಲದ ಹಗೆ ಲೋಕದಲ್ಲಿ ಇಲ್ಲವೆಂದು ಹೇಳಲಾಗದು. ಆದರೆ ಹಳ್ಳಿಗಳಲ್ಲಿ ಹುಟ್ಟುವ ವೈಮನಸ್ಯಕ್ಕೆ ಬಹುಮಟ್ಟಿಗೆ ಮೂರು ಮೂಲಗಳುಂಟು: ಗಡಿ, ಗೊಬ್ಬರ, ಮೇವು.

ಗಡಿಯು ನಿಶ್ಚಯವಾಗಿಲ್ಲದ ಕಡೆ ಬೇಲಿಯನ್ನು ಹಾಕಿದರೆ ಜಗಳವು ಖಂಡಿತ. ಆದಕಾರಣ ಕುದುರೆಗಾಗಿ ಬೇಲಿ ಕಟ್ಟುವುದಕ್ಕೆ ಮುಂಚೆ ನಾಡಕಚೇರಿಯ ಮೂಲಕ ಅರ್ಜಿಯನ್ನು ಕೊಟ್ಟು, ಸರ್ಕಾರದ ಮೋಜಣಿದಾರರಿಂದ ಹದ್ದುಬಸ್ತು ಮಾಡಿಸಿಕೊಳ್ಳತಕ್ಕದ್ದು. ಅಳತೆಯ ದಿನ ನೆರೆಯವನು ಹಾಜರಿರುವಂತೆ ನೋಡಿಕೊಳ್ಳಬೇಕು. ಅವನ ಕಣ್ಣೆದುರಿಗೆ ನೆಟ್ಟ ಬಾಂದಿನ ಕಲ್ಲು ಹತ್ತು ಮಾತುಗಳಿಗಿಂತ ಮೇಲು.

ಸುಮಾರು ೪೫೦ ಕಿಲೋಗ್ರಾಂ ತೂಕದ ಕುದುರೆಯು ದಿನವೊಂದಕ್ಕೆ ಹೆಚ್ಚುಕಡಮೆ ೧೫ರಿಂದ ೨೦ ಕಿಲೋಗ್ರಾಂ ಲದ್ದಿಯನ್ನು ಹಾಕುತ್ತದೆ. ಹಸಿಯ ಲದ್ದಿಯು ಮನೆನೊಣಗಳು ಮೊಟ್ಟೆಯಿಡುವುದಕ್ಕೆ ಬಹಳ ಮೆಚ್ಚುವ ಸ್ಥಳ. ಬಿಸಿಲುಕಾಲದಲ್ಲಿ ಮೊಟ್ಟೆಯು ನೊಣವಾಗುವುದಕ್ಕೆ ಒಂದು ವಾರದಿಂದ ಹತ್ತು ದಿನಗಳು ಸಾಕು. ಲದ್ದಿಯನ್ನು ದಿನದಿನವೂ ತೆಗೆದು, ನೆರೆಮನೆಗೆ ದೂರವಾದ ಗುಂಡಿಯಲ್ಲಿ ಹಾಕಿ, ಪ್ರತಿ ಪದರಕ್ಕೂ ಮಣ್ಣು ಮುಚ್ಚುತ್ತ ಬಂದರೆ ನೊಣದ ಕಾಟವು ಬಹುಮಟ್ಟಿಗೆ ತಗ್ಗುವುದು. ಒಳ್ಳೆಯ ಗೊಬ್ಬರವೂ ದೊರೆಯುವುದು. ವರ್ಷಕ್ಕೊಮ್ಮೆ ಆ ಗೊಬ್ಬರದಲ್ಲಿ ಒಂದು ಗಾಡಿಯನ್ನು ನೆರೆಯವನ ಹೊಲಕ್ಕೆ ಕಳುಹಿಸಿಕೊಡುವವನಿಗೆ ಬೇಲಿಯ ಖರ್ಚು ಕಡಮೆಯಾಗುವುದೆಂದು ಅನುಭವಸ್ಥರು ಬಲ್ಲರು.

ಮೂರನೆಯದು ಮೇವು. ಹಗ್ಗ ಕಿತ್ತುಕೊಂಡು ಹೋದ ಕುದುರೆಯು ಒಂದು ರಾತ್ರಿಯಲ್ಲಿ ಪೈರಿನಲ್ಲಿ ತಿನ್ನುವುದಕ್ಕಿಂತಲೂ ತುಳಿದು ಕೆಡಿಸುವುದೇ ಹೆಚ್ಚು. ಹೀಗಾದಾಗ ನಷ್ಟವನ್ನು ತಾನಾಗಿಯೇ ಹೋಗಿ ನೋಡಿ, ಕೇಳುವುದಕ್ಕೆ ಮುಂಚೆಯೇ ತುಂಬಿಕೊಡುವುದು ವಿವೇಕ. ತಪ್ಪನ್ನು ಒಪ್ಪಿಕೊಳ್ಳದವನ ಕುದುರೆಗೇ ಕಲ್ಲೇಟು ಮೊದಲು ಬೀಳುತ್ತದೆ.

೨. ವಿಷವೋ, ರೋಗವೋ?

ಕುದುರೆಯು ಹಠಾತ್ತಾಗಿ ಸತ್ತರೆ ವಿಷಪ್ರಯೋಗವೇ ಆಗಿರಬೇಕೆಂಬ ನಂಬಿಕೆಯು ತಪ್ಪು. ಕುದುರೆಯ ಜಠರವು ಅದರ ದೇಹದ ಗಾತ್ರಕ್ಕೆ ಬಹಳ ಚಿಕ್ಕದು. ತಿಂದದ್ದನ್ನು ಅದು ವಾಂತಿ ಮಾಡಲಾರದು. ಹೀಗಾಗಿ ಒಮ್ಮೆಗೇ ಬಹಳ ಧಾನ್ಯವನ್ನು ತಿಂದರೂ, ಕರುಳು ತಿರುಚಿಕೊಂಡರೂ ಕಠಿಣವಾದ ಹೊಟ್ಟೆಶೂಲೆ ಬಂದು ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಮುಂಗಾಲಿನಿಂದ ನೆಲವನ್ನು ಕೆರೆಯುವುದು, ತಿರುಗಿ ಹೊಟ್ಟೆಯ ಪಕ್ಕವನ್ನು ನೋಡಿಕೊಳ್ಳುವುದು, ಬೆವರುವುದು, ಹೊರಳುವುದು ಇವು ಶೂಲೆಯ ಲಕ್ಷಣಗಳು. ನೆರಡಿ ರೋಗ, ಹಾವಿನ ಕಡಿತ, ಸಿಡಿಲು ಇವುಗಳಿಂದಲೂ ಸಾವು ಬೇಗನೆ ಬರುತ್ತದೆ. ಮೊಳೆಯೋ ಮುಳ್ಳುತಂತಿಯೋ ತಾಗಿದ ಸಣ್ಣ ಗಾಯದಿಂದ ಧನುರ್ವಾಯುವು ತಗುಲಿ, ಕುದುರೆಯು ಮರದ ಗೊಂಬೆಯಂತೆ ಸೆಟೆದು ನಿಲ್ಲುತ್ತದೆ. ಸಾಕುಪ್ರಾಣಿಗಳಲ್ಲೆಲ್ಲ ಈ ರೋಗಕ್ಕೆ ಕುದುರೆಯೇ ಹೆಚ್ಚಾಗಿ ತುತ್ತಾಗುವುದು. ಇದಕ್ಕೆ ಮುಂಚೆಯೇ ಲಸಿಕೆಯನ್ನು ಹಾಕಿಸಿಡಬಹುದು.

ಇನ್ನು ದ್ವೇಷವಿಲ್ಲದೆ, ಕೇವಲ ಅಜ್ಞಾನದಿಂದ ಉಂಟಾಗುವ ವಿಷವನ್ನು ಕುರಿತು ಹೇಳಬೇಕು. ಹೂವಿಗಾಗಿ ಬೆಳೆಸುವ ಕಣಗಿಲೆಯ ಗಿಡದ ಎಲೆ, ಕಡ್ಡಿ, ಹೂವು ಎಲ್ಲವೂ ವಿಷ. ಒಂದು ಹಿಡಿ ಎಲೆಯೂ ದೊಡ್ಡ ಕುದುರೆಗೆ ಮಾರಕವಾಗಬಹುದು. ಎಲೆ ಒಣಗಿದರೂ ವಿಷವು ಹೋಗದು. ಹಸಿಯ ಎಲೆಯ ಕಹಿಗೆ ಹಿಂಜರಿಯುವ ಕುದುರೆಯು ಹುಲ್ಲಿನಲ್ಲಿ ಬೆರೆತ ಒಣಗಿದ ಎಲೆಯನ್ನು ತಿಂದುಬಿಡುತ್ತದೆ. ಹಿತ್ತಲಿನ ಗಿಡಗಳನ್ನು ಸವರಿದವರು ಕಸವನ್ನು ಬೇಲಿಯಾಚೆಗೆ ಎಸೆದರೆ ಸಾಕು, ಅನಾಹುತವು ಆಗಿಹೋಗುತ್ತದೆ. ಹರಳುಬೀಜವೂ, ಗೊಬ್ಬರಕ್ಕೆಂದು ತಂದಿಟ್ಟ ಹರಳಿನ ಹಿಂಡಿಯೂ ಕುದುರೆಗೆ ಬಹಳ ಅಪಾಯಕರ. ಕೋಳಿಗಳ ಆಹಾರದಲ್ಲಿ ಕೆಲವು ವೇಳೆ ಬೆರೆಸುವ ಮೊನೆನ್ಸಿನ್ ಎಂಬ ಔಷಧವು ಕೋಳಿಗೆ ಹಿತ, ಕುದುರೆಗೆ ಮೃತ್ಯು. ಬೂಸಲು ಹಿಡಿದ ಮೆಕ್ಕೆಜೋಳದಿಂದ ಕುದುರೆಯ ಮಿದುಳು ಕೆಡುವುದುಂಟು. ಬದುವಿನ ಹುಲ್ಲಿನ ಮೇಲೆ ಬಿದ್ದ ಕೀಟನಾಶಕ, ಇಲಿಗಳಿಗಾಗಿ ಧಾನ್ಯದಲ್ಲಿ ಬೆರೆಸಿಟ್ಟ ಪಾಷಾಣ ಇವೂ ಹಾಗೆಯೇ. ಪಾಪ, ಮುದ್ದಿನ ಪ್ರಾಣಿಯೆಂದು ಮಕ್ಕಳು ಬೇಲಿಯ ಮೇಲಿಂದ ಕೊಡುವ ಹಳಸಿದ ಅನ್ನ, ರೊಟ್ಟಿಗಳಿಂದಲೂ ಕೇಡಾಗುವುದುಂಟು.

ಆದಕಾರಣ ನೆರೆಯವನ ಕೈಯನ್ನು ಶಂಕಿಸುವುದಕ್ಕೆ ಮುಂಚೆ ತನ್ನ ಗೋದಲಿಯನ್ನೂ, ಹುರುಳಿಯ ಚೀಲವನ್ನೂ, ಬೇಲಿಯ ಬುಡವನ್ನೂ ನೋಡಬೇಕು. ಸುಳ್ಳು ಆರೋಪವು ನಿರಪರಾಧಿಯನ್ನು ನಿಜವಾದ ಹಗೆಯನ್ನಾಗಿ ಮಾಡುವುದು. ನಿಜವಾದ ಕಾರಣವು ಹಾಗೆಯೇ ಉಳಿದು ಎರಡನೆಯ ಕುದುರೆಯನ್ನೂ ಕೊಲ್ಲುವುದು.

೩. ಕುದುರೆಯನ್ನು ಕೇಡಿಗೆ ಎಟುಕದಂತೆ ಇಡುವುದು

ಬೆದರಿಕೆಯ ಮಾತು ಕಿವಿಗೆ ಬಿದ್ದ ದಿನದಿಂದಲೇ ಮುಂದೆ ಹೇಳುವ ಏರ್ಪಾಡುಗಳನ್ನು ಮಾಡಿಕೊಳ್ಳತಕ್ಕದ್ದು.

ಬೇಲಿ: ಮುಳ್ಳುತಂತಿಯು ಕುದುರೆಗೆ ಯೋಗ್ಯವಲ್ಲ. ಬೆದರಿದ ಕುದುರೆಯು ತಂತಿಯನ್ನು ಕಾಣದೆ ನುಗ್ಗಿ, ಎದೆಯನ್ನೂ ಕಾಲುಗಳನ್ನೂ ಸೀಳಿಕೊಳ್ಳುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುವ ಮರದ ಅಥವಾ ಬಿದಿರಿನ ಅಡ್ಡಗಳನ್ನು ನಾಲ್ಕೂವರೆ ಅಡಿಯಿಂದ ಐದು ಅಡಿ ಎತ್ತರಕ್ಕೆ ಕಟ್ಟುವುದು ಉತ್ತಮ. ನೆರೆಯವನ ಗಡಿಯಲ್ಲಿ ಮುಳ್ಳುತಂತಿಯು ಮೊದಲೇ ಇದ್ದರೆ, ಅದರಿಂದ ಎಂಟು ಹತ್ತು ಅಡಿ ಒಳಗೆ ತನ್ನದೊಂದು ಬಿದಿರಿನ ಬೇಲಿಯನ್ನು ಹಾಕಿಕೊಳ್ಳಬೇಕು. ಈ ನಡುವಣ ಓಣಿಯಿಂದ ಸ್ವಲ್ಪ ನೆಲ ನಷ್ಟವಾದರೂ, ಕೈಚಾಚಿ ಕೊಡುವ ತಿಂಡಿ, ಎಸೆದ ಕಸ, ಬೀಸಿದ ಕೋಲು ಇವು ಯಾವುವೂ ಕುದುರೆಗೆ ಸುಲಭವಾಗಿ ಎಟುಕವು. ಬೇಲಿಗೆ ಕಣಗಿಲೆಯನ್ನು ಎಂದಿಗೂ ನೆಡಬಾರದು.

ನೀರು, ಮೇವು: ಕುದುರೆಯ ನೀರಿನ ತೊಟ್ಟಿಯು ರಸ್ತೆಗೂ ಗಡಿಗೂ ದೂರವಾಗಿರಲಿ. ಬೆಳಗ್ಗೆ ಸಂಜೆ ಅದನ್ನು ಬಗ್ಗಿಸಿ ತೊಳೆದು ಹೊಸ ನೀರು ತುಂಬಬೇಕು. ಹುರುಳಿ, ಬೂಸಗಳನ್ನು ಬೀಗವುಳ್ಳ ಪೆಟ್ಟಿಗೆಯಲ್ಲಿಡಬೇಕು. ಮೇಯುವುದಕ್ಕೆ ಬಿಡುವ ಮುಂಚೆ ಆವರಣದ ಸುತ್ತ ಒಂದು ಸುತ್ತು ನಡೆದು ಗಾಜಿನ ಚೂರು, ಮೊಳೆ, ತಂತಿ, ಗೊತ್ತಿಲ್ಲದ ಎಲೆ, ಬೆಲ್ಲದ ಉಂಡೆ ಮುಂತಾದ್ದು ಬಿದ್ದಿದೆಯೇ ಎಂದು ಪರೀಕ್ಷಿಸುವುದನ್ನು ನಿತ್ಯದ ಅಭ್ಯಾಸವಾಗಿ ಮಾಡಿಕೊಳ್ಳಬೇಕು.

ಬೆಂಕಿ: ಹಳ್ಳಿಯ ದ್ವೇಷವು ಮೊದಲು ಬಣವೆಯ ಕಡೆಗೆ ತಿರುಗುವುದನ್ನು ಎಲ್ಲರೂ ಕಂಡಿದ್ದಾರೆ. ಹುಲ್ಲಿನ ಬಣವೆಯನ್ನು ಲಾಯಕ್ಕೆ ತಾಗಿಸಿ ಒಟ್ಟಬಾರದು. ಲಾಯದ ಬಾಗಿಲಿಗೆ ಬೀಗ ಹಾಕುವುದಾದರೆ ಬೀಗದ ಕೈಯು ಮನೆಯವರಿಗೆಲ್ಲ ತಿಳಿದ ಒಂದೇ ಸ್ಥಳದಲ್ಲಿರಬೇಕು. ಬೆಂಕಿ ಬಿದ್ದಾಗ ಬೀಗದ ಕೈಯನ್ನು ಹುಡುಕುತ್ತಿದ್ದರೆ ಕುದುರೆಯು ಉಳಿಯದು. ದೀಪಾವಳಿಯ ರಾತ್ರಿಗಳಲ್ಲಿ ಕುದುರೆಯನ್ನು ಬಯಲಿನಲ್ಲಿ ಕಟ್ಟದೆ ಲಾಯದೊಳಗೆ ಇಟ್ಟು, ಪರಿಚಿತನೊಬ್ಬನು ಜೊತೆಯಲ್ಲಿರುವುದು ಒಳ್ಳೆಯದು.

ಗುರುತು: ಕುದುರೆಯ ಬಣ್ಣ, ಹಣೆಯ ಬಿಳುಪು, ಸುಳಿ, ಕಾಲಿನ ಗುರುತುಗಳನ್ನು ಬರೆದಿಟ್ಟು ನಾಲ್ಕು ಕಡೆಯಿಂದಲೂ ಭಾವಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ಕೊಂಡ ರಶೀತಿ, ಲಸಿಕೆಯ ಚೀಟಿ, ವಿಮೆಯಿದ್ದರೆ ಅದರ ಪತ್ರ ಇವು ಒಂದೆಡೆ ಇರಲಿ. ಕುದುರೆಯು ತನ್ನದೆಂದೂ ಆರೋಗ್ಯವಾಗಿತ್ತೆಂದೂ ತೋರಿಸುವ ಹೊಣೆಯು ಸಾಕಿದವನದೇ ಆಗಿರುತ್ತದೆ.

೪. ಕೇಡು ಸಂಭವಿಸಿದಾಗ ಮಾಡತಕ್ಕ ಕೆಲಸ

ಕುದುರೆಯು ನಿತ್ಯದಂತಿಲ್ಲವೆಂದು ಕಂಡ ಕೂಡಲೇ ಮೇವು, ದಾಣಿಗಳನ್ನು ತೆಗೆದುಬಿಟ್ಟು ಪಶುವೈದ್ಯರನ್ನು ಕರೆಯಿಸಬೇಕು. ೧೯೬೨ ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ತಿಳಿಸಿದರೆ ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ದೊರೆಯುವ ಏರ್ಪಾಡುಂಟು. ವೈದ್ಯರು ಬರುವ ತನಕ ಎಣ್ಣೆ, ಮಜ್ಜಿಗೆ, ಕಷಾಯಗಳನ್ನು ಗೊಟ್ಟದಿಂದ ಬಲವಂತವಾಗಿ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಮದ್ದೇ ಕೊಲ್ಲುವುದು. ಆರೋಗ್ಯವಾದ ಕುದುರೆಯ ನಾಡಿಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು ೨೮ರಿಂದ ೪೪, ಉಸಿರು ೮ರಿಂದ ೧೬, ಮೈಶಾಖವು ಸುಮಾರು ೩೭.೫ರಿಂದ ೩೮.೫ ಸೆಂಟಿಗ್ರೇಡ್ ಡಿಗ್ರಿ. ಇವುಗಳನ್ನು ಎಣಿಸಿ, ಹೊತ್ತಿನೊಡನೆ ಬರೆದಿಟ್ಟರೆ ವೈದ್ಯರಿಗೆ ಬಹಳ ಸಹಾಯವಾಗುವುದು. ಜೊಲ್ಲು, ಕಣ್ಣೀರು, ಮಾಂಸಖಂಡಗಳ ನಡುಕ, ಚರ್ಮದಲ್ಲಿ ಚುಚ್ಚಿದ ಗುರುತು, ಊತ ಇವುಗಳಿದ್ದರೆ ಅವನ್ನೂ ಗಮನಿಸಬೇಕು.

ಉಳಿದ ಮೇವು, ತೊಟ್ಟಿಯ ನೀರು, ಶಂಕೆಯ ವಸ್ತು ಇವನ್ನು ಬರಿಗೈಯಿಂದ ಮುಟ್ಟಬಾರದು, ಎಸೆಯಲೂ ಬಾರದು. ಬಿದ್ದ ಸ್ಥಳದಲ್ಲಿಯೇ ಅವುಗಳ ಚಿತ್ರವನ್ನು ತೆಗೆದು, ಊರಿನ ಇಬ್ಬರು ಮರ್ಯಾದಸ್ಥರನ್ನು ಕರೆದು ತೋರಿಸಿ, ಪೋಲೀಸರು ಮಹಜರು ಮಾಡುವ ತನಕ ಮುಚ್ಚಿ ಕಾಯಬೇಕು. ಇತರ ಪ್ರಾಣಿಗಳೂ ಮಕ್ಕಳೂ ಅತ್ತ ಹೋಗದಂತೆ ನೋಡಿಕೊಳ್ಳಬೇಕು.

ಕುದುರೆಯು ಸತ್ತರೆ ದುಃಖದ ಭರದಲ್ಲಿ ಕೂಡಲೇ ಹೂಳಿಬಿಡುವುದು ದೊಡ್ಡ ತಪ್ಪು. ಠಾಣೆಗೆ ಫಿರ್ಯಾದು ಕೊಟ್ಟು ಸರ್ಕಾರಿ ಪಶುವೈದ್ಯರಿಂದ ಶವಪರೀಕ್ಷೆ ಮಾಡಿಸಬೇಕು. ವಿಷದ ಶಂಕೆಯಿದ್ದಲ್ಲಿ ಜಠರದೊಳಗಿನ ವಸ್ತು, ಪಿತ್ತಕೋಶ ಸಹಿತವಾದ ಯಕೃತ್ತು, ಮೂತ್ರಪಿಂಡ ಮುಂತಾದವುಗಳ ಭಾಗಗಳನ್ನು ತೆಗೆದು, ಸಾಮಾನ್ಯವಾಗಿ ಗಾಢವಾದ ಉಪ್ಪುನೀರಿನಲ್ಲಿಟ್ಟು ಮೊಹರು ಮಾಡಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆದರೆ ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪು ರಕ್ತವು ಒಸರುತ್ತಿದ್ದರೆ ನೆರಡಿ ರೋಗವೆಂದು ಶಂಕಿಸಬೇಕು. ಅಂಥ ಶವವನ್ನು ಕೊಯ್ಯಲೇಬಾರದು. ಅದು ಮನುಷ್ಯರಿಗೂ ಅಂಟುವ ರೋಗ. ವೈದ್ಯರ ಅಪ್ಪಣೆಯಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು.

೫. ಕಾಯಿದೆಯ ಆಸರೆ

೧೮೬೦ರ ಭಾರತೀಯ ದಂಡಸಂಹಿತೆಯ ೪೨೯ನೆಯ ಕಲಮಿನಲ್ಲಿ ಕುದುರೆಯನ್ನು ಹೆಸರಿಸಿ, ಅದರ ಬೆಲೆ ಎಷ್ಟೇ ಇರಲಿ, ಅದನ್ನು ಕೊಲ್ಲುವುದು, ವಿಷವಿಕ್ಕುವುದು, ಅಂಗಹೀನ ಮಾಡುವುದು ಇವುಗಳನ್ನು ಅಪರಾಧವೆಂದು ವಿಧಿಸಲಾಗಿತ್ತು. ೨೦೨೪ನೆಯ ಇಸವಿ ಜುಲೈ ೧ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ೨೦೨೩ರ ಭಾರತೀಯ ನ್ಯಾಯ ಸಂಹಿತೆಯ ೩೨೫ನೆಯ ಕಲಮು ಯಾವ ಪ್ರಾಣಿಗೇ ಆಗಲಿ ಕೇಡು ಬಗೆದು ಹೀಗೆ ಮಾಡಿದವನಿಗೆ ಐದು ವರ್ಷಗಳವರೆಗಿನ ಕಾರಾಗೃಹವಾಸ, ಅಥವಾ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸುತ್ತದೆ. ೧೯೬೦ರ ಪ್ರಾಣಿಹಿಂಸೆ ತಡೆಯ ಕಾಯಿದೆಯ ೧೧ನೆಯ ಕಲಮಿನಂತೆ ಹಾನಿಕರವಾದ ವಸ್ತುವನ್ನು ಬೇಕೆಂದು ತಿನ್ನಿಸುವುದು ಅಪರಾಧವೇ. ಆದರೆ ಮೊದಲನೆಯ ಸಲಕ್ಕೆ ಅದರಲ್ಲಿ ಹೇಳಿರುವ ಜುಲ್ಮಾನೆಯು ೧೦ರಿಂದ ೫೦ ರೂಪಾಯಿಗಳು ಮಾತ್ರ. ಆದ್ದರಿಂದ ಫಿರ್ಯಾದಿಯಲ್ಲಿ ೩೨೫ನೆಯ ಕಲಮಿನ ಸಂಗತಿಯು ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳತಕ್ಕದ್ದು.

ಕೇಡು ಇನ್ನೂ ಆಗಿಲ್ಲ, ಬೆದರಿಕೆ ಮಾತ್ರ ಇದೆ ಎಂಬ ಸ್ಥಿತಿಯಲ್ಲಿಯೂ ದಾರಿಯುಂಟು. ೨೦೨೩ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೨೬ನೆಯ ಕಲಮಿನ ಮೇರೆಗೆ, ಶಾಂತಿಭಂಗವಾಗುವ ಸಂಭವವಿದ್ದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಬೆದರಿಸಿದವನನ್ನು ಕರೆಯಿಸಿ ವಿಚಾರಿಸಿ, ಒಂದು ವರ್ಷಕ್ಕೆ ಮೀರದ ಅವಧಿಗೆ ಮುಚ್ಚಳಿಕೆಯನ್ನು ಬರೆಯಿಸಿಕೊಳ್ಳಬಹುದು. ಇದಕ್ಕೆ ಬೇಕಾದದ್ದು ಆಧಾರ. ಆದಕಾರಣ ಒಂದು ಪುಸ್ತಕವನ್ನಿಟ್ಟು, ಬೆದರಿಕೆಯ ಮಾತು, ಕಲ್ಲೆಸೆತ, ಬೇಲಿ ಮುರಿದದ್ದು, ನಾಯಿಯನ್ನು ಛೂ ಬಿಟ್ಟದ್ದು ಪ್ರತಿಯೊಂದನ್ನೂ ತಾರೀಖು, ಹೊತ್ತು, ಕಂಡವರ ಹೆಸರುಗಳೊಡನೆ ಅಂದಂದೇ ಬರೆಯಬೇಕು. ಬರವಣಿಗೆಯಲ್ಲಿ ಕೋಪವಿರಬಾರದು, ಕಂಡದ್ದಿಷ್ಟು, ಕೇಳಿದ್ದಿಷ್ಟು ಎಂದಿರಬೇಕು. ಠಾಣೆಯಲ್ಲಿ ಫಿರ್ಯಾದನ್ನು ತೆಗೆದುಕೊಳ್ಳದಿದ್ದರೆ ಅದನ್ನು ಬರವಣಿಗೆಯಲ್ಲಿ ಪೋಲೀಸ್ ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು. ಅಲ್ಲಿಯೂ ಫಲವಾಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಮಾಡಿಕೊಳ್ಳಬಹುದು.

ನೆರೆಯವನಿಗೂ ಹಕ್ಕುಗಳುಂಟೆಂಬುದನ್ನು ಮರೆಯಬಾರದು. ೧೮೭೧ರ ದನಗಳ ಅತಿಕ್ರಮಪ್ರವೇಶದ ಕಾಯಿದೆಯಲ್ಲಿ ದನವೆಂಬ ಮಾತಿನೊಳಗೆ ಕುದುರೆ, ತಟ್ಟು, ಹೇಸರಗತ್ತೆಗಳೂ ಸೇರಿದ್ದವು. ಕರ್ನಾಟಕದಲ್ಲಿ ಈ ವಿಷಯಕ್ಕೆ ೧೯೬೬ರ ರಾಜ್ಯದ ಕಾಯಿದೆಯುಂಟು. ಪೈರಿಗೆ ನುಗ್ಗಿ ಹಾನಿ ಮಾಡುವ ಪ್ರಾಣಿಯನ್ನು ಹಿಡಿದು ದೊಡ್ಡಿಗೆ ಸಾಗಿಸುವುದು ಇಂಥ ಕಾಯಿದೆಯು ತೋರಿಸುವ ದಾರಿ. ಹೊಡೆಯುವುದು, ಕಡಿಯುವುದು, ವಿಷವಿಕ್ಕುವುದು ದಾರಿಯಲ್ಲ. ಈ ಭೇದವನ್ನು ಎರಡು ಕಡೆಯವರೂ ತಿಳಿದಿದ್ದರೆ ಅರ್ಧ ವ್ಯಾಜ್ಯವು ತೀರಿದಂತೆಯೇ.

ವ್ಯಾಜ್ಯಕ್ಕೆ ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ೧೯೮೭ರ ಕಾಯಿದೆಯಂತೆ ಹೆಂಗಸರು, ಪರಿಶಿಷ್ಟ ಜಾತಿ ಪಂಗಡಗಳವರು, ಕಡಮೆ ವರಮಾನದವರು ಮುಂತಾದವರಿಗೆ ಉಚಿತವಾದ ಸಹಾಯವುಂಟು. ಗಡಿ, ನಷ್ಟಗಳಂಥ ತಕರಾರುಗಳನ್ನು ಲೋಕ ಅದಾಲತ್ತಿನಲ್ಲಿ ರಾಜಿಯಿಂದ ಮುಗಿಸಿಕೊಳ್ಳುವುದಕ್ಕೂ ಅವಕಾಶವಿದೆ.

೬. ಮಾಡಬಾರದ ಕೆಲಸಗಳು

ಸೇಡಿಗೆ ಸೇಡೆಂದು ನೆರೆಯವನ ದನಕ್ಕೆ ಕೇಡು ಮಾಡಿದವನು ತನ್ನ ಫಿರ್ಯಾದಿಯನ್ನು ತಾನೇ ಹಾಳುಮಾಡಿಕೊಳ್ಳುತ್ತಾನೆ. ಮೇಲಾಗಿ ಅದೇ ೩೨೫ನೆಯ ಕಲಮು ಅವನಿಗೂ ಅನ್ವಯಿಸುತ್ತದೆ. ಬೇಲಿಗೆ ವಿದ್ಯುತ್ತಿನ ಕಂಬದಿಂದ ನೇರವಾಗಿ ತಂತಿ ಎಳೆಯುವುದು ಘೋರವಾದ ಅಪರಾಧ. ರಾತ್ರಿ ಬಂದ ಕೇಡಿಗನಿಗಿಂತ, ಬೆಳಗ್ಗೆ ಹುಲ್ಲು ಕೊಯ್ಯಲು ಬಂದ ಬಡವಳೋ ತನ್ನ ಮಗುವೋ ತನ್ನ ಕುದುರೆಯೋ ಅದಕ್ಕೆ ಬಲಿಯಾಗುವುದೇ ಹೆಚ್ಚು. ಸಂತೆಯಲ್ಲಿಯೂ ಅರಳಿಕಟ್ಟೆಯಲ್ಲಿಯೂ ಇಂಥವನೇ ಮಾಡಿದನೆಂದು ಹೇಳಿಕೊಂಡು ತಿರುಗುವುದೂ ಸಲ್ಲದು. ಹೇಳತಕ್ಕದ್ದನ್ನು ಠಾಣೆಯಲ್ಲಿ ಬರವಣಿಗೆಯಲ್ಲಿ ಹೇಳಿದರೆ ಸಾಕು.

ತಾತ್ಪರ್ಯ

ಮೊದಲು ಹೇಳಿದ ಗೃಹಸ್ಥನನ್ನು ಮತ್ತೆ ಸ್ಮರಿಸೋಣ. ಅವನು ಕುದುರೆಯನ್ನು ಹೂಳದೆ ವೈದ್ಯರನ್ನು ಕರೆಯಿಸಿದನೆಂದು ಇಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ ಕರುಳು ತಿರುಚಿದ್ದು ಕಂಡುಬಂದರೆ, ನಿರಪರಾಧಿಯೊಬ್ಬನು ಉಳಿದನು. ಮುಂದಿನ ಕುದುರೆಗೆ ಮೇವು ಹಾಕುವ ಕ್ರಮವು ತಿದ್ದಿತು. ಜಠರದಲ್ಲಿ ಕಣಗಿಲೆಯ ಎಲೆಗಳು ಕಂಡರೆ, ಅವು ಎಲ್ಲಿಂದ ಬಂದುವೆಂದು ವಿಚಾರಿಸಿ, ಎಸೆದವರಿಗೆ ತಿಳುವಳಿಕೆ ಹೇಳಿ ಆ ಗಿಡವನ್ನು ಕೀಳಿಸುವುದಕ್ಕೆ ದಾರಿಯಾಯಿತು. ಪಾಷಾಣವೇ ದೊರೆತು ಅದನ್ನಿಟ್ಟ ಕೈಯು ಗೊತ್ತಾದರೆ, ಮೊಹರು ಮಾಡಿದ ಸೀಸೆಯೂ, ದಿನದಿನವೂ ಬರೆದ ಪುಸ್ತಕವೂ ನ್ಯಾಯಾಲಯದಲ್ಲಿ ಅವನ ಪರವಾಗಿ ನಿಲ್ಲುವುವು. ಮೂರು ಸಂದರ್ಭಗಳಲ್ಲಿಯೂ ಮಾಡಬೇಕಾದ ಮೊದಲ ಕೆಲಸವು ಒಂದೇ: ಕೈಯೆತ್ತುವುದಕ್ಕೆ ಮುಂಚೆ ಕಾರಣವನ್ನು ಪರೀಕ್ಷಿಸುವುದು.

ಕುದುರೆಗೆ ತನ್ನ ಒಡೆಯನ ಜಗಳವು ತಿಳಿಯದು. ಬೇಲಿಯಾಚೆಯಿಂದ ಯಾರು ಕೈ ನೀಡಿದರೂ ಅದು ನಂಬಿಕೆಯಿಂದ ಮೂತಿಯನ್ನು ಚಾಚುತ್ತದೆ. ಆದ್ದರಿಂದ ಅದರ ಪರವಾಗಿ ಎಚ್ಚರವಾಗಿರುವ ಭಾರವು ಸಾಕಿದವನದೇ ಆಗಿದೆ. ಗಡಿಯ ಕಲ್ಲನ್ನು ನೆಡಿಸಿ, ಗೊಬ್ಬರದ ಗುಂಡಿಯನ್ನು ಮುಚ್ಚಿ, ಬೇಲಿಯನ್ನು ಎರಡಾಗಿ ಕಟ್ಟಿ, ಪುಸ್ತಕದಲ್ಲಿ ನಿಜವನ್ನು ಬರೆದಿಡುವವನು ತನ್ನ ಕುದುರೆಯನ್ನೂ ಕಾಪಾಡಿಕೊಳ್ಳುವನು. ಸಾಧ್ಯವಾದಲ್ಲಿ ನೆರೆಯವನ ಸ್ನೇಹವನ್ನೂ ಉಳಿಸಿಕೊಳ್ಳುವನು.